ಜ್ವರದ ಮೇಸ್ತ್ರಿ

“ಈ ಮನೇಲಿ ಎಲ್ಲರಿಗಿಂತ ಮೆಲ್ಲಗೆ ಮಾತಾಡೋರು ಯಾರು?”

ನಮ್ಮ ಮನೆಯೊಳಗೆ ಕಾಲಿಟ್ಟು, ಕಳಚಿದ ಚಪ್ಪಲಿಗಳನ್ನು ಗೋಡೆಗೆ ಸಮಾಂತರವಾಗಿ ಜೋಡಿಸಿ, ನಡುಹಗಲಾಗಿದ್ದರೂ ಹಜಾರದ ದೀಪ ಹಾಕಿಸಿ, ನನ್ನ ಮುಖವನ್ನೇ ದಿಟ್ಟಿಸುತ್ತ ಅವರು ಕೇಳಿದ ಮೊದಲ ಪ್ರಶ್ನೆ ಇದು. ಮನೆಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಬೆಸೆಯುವ, ಸ್ವಿಚ್ಚು ಎಂದು ಕರೆಯಲ್ಪಡುವ ಲೋಹದ ಪೆಟ್ಟಿಗೆ ಕಾದು ಕೆಂಡವಾಗಿ ದಿನಕ್ಕೆರಡು ಬಾರಿ ಮೂರ್ಛೆ ಹೋಗುತ್ತಿದ್ದುದರಿಂದ ನಾನು ಅವರನ್ನು ಕರೆಸಿದ್ದೆ. ಯಂತ್ರಗಳೆಷ್ಟು, ವೇಗವೆಷ್ಟು ಬೇಕು, ಕೇಬಲ್ಲುಗಳ ಉದ್ದವೆಷ್ಟು ಎಂದೆಲ್ಲ ಕೇಳಬಹುದೆಂದು ಊಹಿಸಿ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೂ ಇದ್ದೆ. ಈ ಪ್ರಶ್ನೆಗೆ ಆ ಹಾಳೆಯಲ್ಲಿ ಉತ್ತರವಿರಲಿಲ್ಲ.

“ನಾವಿರೋದೇ ಮೂರು ಜನ. ಎಲ್ಲರೂ ಸಾಧಾರಣವಾಗೇ ಮಾತಾಡ್ತೀವಿ,” ಎಂದೆ.

ಅವರ ದೃಷ್ಟಿ ನನ್ನ ಹೆಗಲು ದಾಟಿ ಹಿಂದಕ್ಕೆ ಹೋಯಿತು. “ಅಲ್ಲಿ ಅಮ್ಮಾವ್ರು ‘ನಾನು’ ಅಂತಿದಾರೆ,” ಎಂದರು.

ತಿರುಗಿದೆ. ಅಕ್ಕ ತನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ನಾನೇ ಹತ್ತಿರದಲ್ಲಿದ್ದೆ. ನನಗೆ ಏನೂ ಕೇಳಿಸಿರಲಿಲ್ಲ. ಎಂಥ ಕಿವಿ ಈ ಮನುಷ್ಯನದು ಎಂದು ಬೆರಗಾದೆ.

ಅವರನ್ನು ನಮ್ಮ ಕಡೆಯವರೆಲ್ಲ ಜ್ವರದ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಯಾವ ಯಂತ್ರದ ಬಳಿಗೆ ಹೋದರೂ ಮೊದಲು ಬಲಗೈಯ ಹಿಂಬದಿಯನ್ನು ಅದರ ಮೈಗೆ ತಾಗಿಸಿ, ಕಣ್ಣು ಮುಚ್ಚಿ, ತುಟಿಯಲ್ಲೇ ಮೂವತ್ತರವರೆಗೆ ಎಣಿಸುತ್ತಿದ್ದರು. ಮಲಗಿದ ಮಗುವಿನ ಹಣೆ ಮುಟ್ಟಿ ನೋಡುವ ತಾಯಿಯ ಹಾಗೆ. ಅಂಗೈ ಬೇಡವೇಕೆ ಎಂದು ಒಮ್ಮೆ ಕೇಳಿದ್ದಕ್ಕೆ, “ಕರೆಂಟು ಹರೀತಿದ್ರೆ ಅಂಗೈ ಹಿಡ್ಕೊಂಡ್ಬಿಡುತ್ತೆ ಸಾರ್, ಬಿಡಿಸ್ಕೊಳ್ಳೋಕೆ ಆಗಲ್ಲ. ಹಿಂಬದಿ ಆದ್ರೆ ಕೈ ತಾನೇ ಈಚೆಗೆ ಬರುತ್ತೆ,” ಎಂದಿದ್ದರು. ಇದು ಶರೀರಶಾಸ್ತ್ರಕ್ಕೆ ಸಮ್ಮತವಾದ ಮಾತು, ಆದ್ದರಿಂದ ಒಪ್ಪಿಕೊಂಡೆ. ಮೂವತ್ತರ ಎಣಿಕೆಯನ್ನು ಮಾತ್ರ ಒಪ್ಪಲಾಗಲಿಲ್ಲ. ಬಿಸಿಯೇನು, ಮೂರು ಎಣಿಸುವುದರೊಳಗೆ ತಿಳಿಯುವುದಿಲ್ಲವೆ?

ಅರವತ್ತರ ಆಸುಪಾಸಿನ ಆಳು. ಎತ್ತರದ ನಿಲುವು, ತುಸು ಬಾಗಿದ ಬೆನ್ನು. ಇಪ್ಪತ್ತೆರಡು ವರ್ಷ ಒಂದು ಶೀತಲಗೃಹದಲ್ಲಿ ಹಣ್ಣುಹಂಪಲುಗಳನ್ನು ತಣ್ಣಗಿಡುವ ಭಾರೀ ಕಂಪ್ರೆಸರುಗಳನ್ನು ನೋಡಿಕೊಂಡವರು. ಅಲ್ಲಿನ ಕೆಲಸ ಬಿಟ್ಟ ಮೇಲೂ ಅಲ್ಲಿನ ಕೋಟನ್ನು ಬಿಟ್ಟಿರಲಿಲ್ಲ: ಒಳಗೆ ದಪ್ಪ ಹತ್ತಿ ಹೊಲಿದ, ತೋಳಿಲ್ಲದ, ಬೂದುಬಣ್ಣದ ಕೋಟು; ಬೇಸಗೆಯಲ್ಲೂ ಅದೇ. ಅದರ ನಾಲ್ಕು ಜೇಬುಗಳಲ್ಲಿ ಒಂದರಲ್ಲಿ ಸ್ಕ್ರೂಡ್ರೈವರುಗಳು, ಒಂದರಲ್ಲಿ ಕರಿಯ ಟೇಪು, ಮೂರನೆಯದರಲ್ಲಿ ಚಿಕ್ಕ ನೋಟುಪುಸ್ತಕ ಮತ್ತು ಪೆನ್ಸಿಲ್ಲು, ನಾಲ್ಕನೆಯದರಲ್ಲಿ ಉಗುರಿನಗಲಕ್ಕೆ ಕತ್ತರಿಸಿದ ತೆಳುಕಾಗದದ ಪಟ್ಟಿಗಳು. ಈ ಪಟ್ಟಿಯನ್ನು ಪೆಟ್ಟಿಗೆಯ ಕಿಂಡಿಯ ಮುಂದೆ ಹಿಡಿದು, ಅದು ಎಷ್ಟು ಅಲುಗುತ್ತದೆಂಬುದನ್ನು ನೋಡಿ, ಒಳಗಿನ ಗಾಳಿಯ ಗತಿಯನ್ನು ಹೇಳುತ್ತಿದ್ದರು.

ಅವರ ನಡವಳಿಕೆಯಲ್ಲಿ ಒಂದು ವಿಚಿತ್ರವಿತ್ತು. ಬರೀ ಕತ್ತು ತಿರುಗಿಸಿ ಎಂದೂ ನೋಡುತ್ತಿರಲಿಲ್ಲ; ಇಡೀ ದೇಹವನ್ನೇ ಬಾಗಿಲಿನಂತೆ ತಿರುಗಿಸಿ, ಎದುರಿನವರಿಗೆ ನೇರವಾಗಿ ನಿಂತ ಬಳಿಕವೇ ಮಾತು. ಬೆನ್ನು ಹಾಕಿ ಕೆಲಸದಲ್ಲಿ ಮುಳುಗಿದ್ದಾಗ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಮೊದಲ ದಿನ ನನ್ನ ಹೆಂಡತಿ ಚಹಾದ ಲೋಟ ಹಿಡಿದು ಮೂರು ಸಲ ಕರೆದು, ಕೊನೆಗೆ ಸ್ಟೂಲಿನ ಮೇಲೆ ಕುಕ್ಕಿ ಬಂದು, “ಏನು ಗತ್ತು ರೀ ಇವರದು! ಕರೆದ್ರೆ ತಿರುಗಿ ನೋಡೋಕೂ ಪುರುಸೊತ್ತಿಲ್ಲ ಸಾಹೇಬರಿಗೆ,” ಎಂದು ಗೊಣಗಿದ್ದಳು. ಫೋನಿನಲ್ಲಿ ಅವರೊಂದಿಗೆ ಮಾತಾಡಿದವರಿಲ್ಲ. “ಏನಿದ್ರೂ ಬರೆದು ಕಳಿಸಿ. ಆಡಿದ್ದು ಗಾಳೀಲಿ ಹೋಗುತ್ತೆ, ಬರೆದದ್ದು ನಿಲ್ಲುತ್ತೆ,” ಎನ್ನುತ್ತಿದ್ದರು. ಅವರ ಸ್ವಂತ ದನಿಯೋ ಏರಿಳಿತವಿಲ್ಲದ್ದು. ಸಪಾಟಾದ ಬಯಲಿನಲ್ಲಿ ಒಂದೇ ವೇಗದಲ್ಲಿ ಸಾಗುವ ಬಂಡಿಯ ಹಾಗೆ. ಇವನ್ನೆಲ್ಲ ನಾನು ಶಿಸ್ತು, ಗಾಂಭೀರ್ಯ, ಕಸುಬುದಾರನ ಹಮ್ಮು ಎಂದು ಮೂರು ಬೇರೆ ಬೇರೆ ಹೆಸರುಗಳ ಕೆಳಗೆ ವಿಂಗಡಿಸಿಟ್ಟುಕೊಂಡೆ.

ಇನ್ನು ಅವರನ್ನು ಕರೆಸುವಂತಾದ ಪ್ರಸಂಗವನ್ನು ಹೇಳಬೇಕು. ಅದರಲ್ಲಿ ನನ್ನ ಪಾತ್ರ ಹೊಗಳಿಕೆಗೆ ತಕ್ಕುದಲ್ಲ.

ನನ್ನ ಹೆಂಡತಿ ಚಿತ್ರಗಳ ಸಂಕಲನಕಾರ್ತಿ. ಯಾರು ಯಾರೋ ತೆಗೆದ ಗಂಟೆಗಟ್ಟಲೆ ದೃಶ್ಯಗಳನ್ನು ಮನೆಯ ಕೋಣೆಯಲ್ಲಿ ಕುಳಿತು ಕತ್ತರಿಸಿ ಜೋಡಿಸುತ್ತಾಳೆ. ಆ ದೃಶ್ಯಗಳ ರಾಶಿ ಮನೆಯ ಇನ್ನೊಂದು ಮೂಲೆಯ ಸ್ಟೋರೇಜ್ ಪೆಟ್ಟಿಗೆಯಲ್ಲಿರುತ್ತದೆ. ಅಲ್ಲಿಂದ ಅವಳ ಮೇಜಿಗೆ ಅವು ಹೊಳೆಯಂತೆ ಹರಿದು ಬರಬೇಕು, ನಲ್ಲಿಯಂತೆ ತೊಟ್ಟಿಕ್ಕಿದರೆ ಸಾಲದು. ನಾನು ವಿಜ್ಞಾನದ ಪುಸ್ತಕಗಳನ್ನು ಓದಿಕೊಂಡವನು, ಪ್ರಮಾಣವಿಲ್ಲದೆ ಏನನ್ನೂ ನಂಬದವನೆಂದು ಹೆಮ್ಮೆಪಡುವವನು. ಹತ್ತಾರು ಪರಿಶೀಲನಾ ಲೇಖನಗಳನ್ನು ಓದಿ, ಯಾವುದೋ ಕಚೇರಿ ಮುಚ್ಚಿದಾಗ ಹೊರಬಿದ್ದ ಕೇಬಲ್ಲು ಸಿಕ್ಕಿಸಲು ಇಪ್ಪತ್ತನಾಲ್ಕು ಬಾಯಿಗಳಿದ್ದ ಬಲಿಷ್ಠ ಸ್ವಿಚ್ಚೊಂದನ್ನು ತಂದು ಹಜಾರದ ಗೋಡೆ ಕಪಾಟಿನಲ್ಲಿಟ್ಟೆ. ಅದರ ಹಿಂಭಾಗದಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪವೇ ದೊಡ್ಡದಾದ ಎರಡು ಫ್ಯಾನುಗಳು. ಚಿಕ್ಕ ಫ್ಯಾನು ಹೆಚ್ಚು ಗಾಳಿ ತಳ್ಳಬೇಕಾದರೆ ಹುಚ್ಚುವೇಗದಲ್ಲಿ ತಿರುಗಲೇಬೇಕು; ತಿರುಗಿದರೆ ಕಿರುಚಲೇಬೇಕು. ಯಾರೋ ಉಸಿರು ಬಿಡದೆ ಪೀಪಿ ಊದುತ್ತಿರುವಂಥ ಆ ಸದ್ದನ್ನು ಮಾಪಕದಲ್ಲಿ ಅಳೆದೆ. ಕಪಾಟಿನ ಬಾಗಿಲು ಮುಚ್ಚಿದರೆ ನಲವತ್ತೆರಡು ಡೆಸಿಬಲ್. ಸಾಮಾನ್ಯ ಮಾತಿಗಿಂತ ಎಷ್ಟೋ ಕಡಿಮೆ ಎಂದು ಸಮಾಧಾನಪಟ್ಟೆ. ಯಾರ ಮಾತಿಗಿಂತ ಎಂದು ಕೇಳಿಕೊಳ್ಳಲಿಲ್ಲ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು. ಕೊನೆಯ ಬೆಂಚಿನಲ್ಲಿ ತೂಕಡಿಸುವವನನ್ನು ಕೂತಲ್ಲಿಂದಲೇ ಎಬ್ಬಿಸುತ್ತಿದ್ದ ಕಂಠ ಅವಳದು. ಕತ್ತಿನ ಗ್ರಂಥಿಯೊಂದಕ್ಕೆ ಶಸ್ತ್ರಚಿಕಿತ್ಸೆಯಾದ ಮೇಲೆ ದನಿಯ ನರ ಸೋತು, ಉಳಿದದ್ದು ಒಣಗಿದ ಎಲೆಯ ಸರಪರದಷ್ಟು ದನಿ. “ಇರೋದನ್ನ ಹಗುರವಾಗಿ ಬಳಸಿ. ಕೂಗೋಕೆ ಹೋದ್ರೆ ಇದೂ ಹೋಗುತ್ತೆ, ಮತ್ತೆ ಬರಲ್ಲ,” ಎಂದು ಗಂಟಲಿನ ವೈದ್ಯೆ ಎಚ್ಚರಿಸಿದ್ದರು. ನಮ್ಮ ಮನೆಗೆ ಬಂದ ಹೊಸದರಲ್ಲಿ ಅಕ್ಕ ಆ ಪುಟ್ಟ ದನಿಯಲ್ಲೇ ಹರಟುತ್ತಿದ್ದಳು, ನನ್ನನ್ನು ಗೇಲಿ ಮಾಡುತ್ತಿದ್ದಳು. ಸ್ವಿಚ್ಚು ಬಂದು ತಿಂಗಳಾಗುವಷ್ಟರಲ್ಲಿ ಮಾತು ಕಡಿಮೆಯಾಯಿತು. ಆಮೇಲೆ ಏನಾದರೂ ಬೇಕಾದರೆ ಚಮಚದಿಂದ ತಟ್ಟೆ ಬಡಿಯತೊಡಗಿದಳು. ಆಮೇಲೆ ಚೀಟಿ ಬರೆದಿಡತೊಡಗಿದಳು. ನರ ಇನ್ನೂ ಸೋಲುತ್ತಿದೆಯೆಂದು ನಾನು ತೀರ್ಮಾನಿಸಿದೆ. ವೈದ್ಯೆಗೆ ಹಾಗೆಂದೇ ಬರೆದೆ. ಎರಡು ಸಂಗತಿಗಳು ಒಂದರ ಹಿಂದೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಲ್ಲ ಎಂದು ಊರಿಗೆಲ್ಲ ಉಪದೇಶಿಸುವ ನಾನು, ಒಮ್ಮೊಮ್ಮೆ ಕಾರಣವೇ ಆಗಿರಬಹುದೆಂಬುದನ್ನು ಮರೆತಿದ್ದೆ.

“ಅಮ್ಮಾವ್ರು ‘ನಾನು’ ಅಂತಿದಾರೆ” ಎಂದು ಹೇಳಿದ ಮೇಸ್ತ್ರಿ ಮತ್ತೇನೂ ಕೇಳದೆ ಕಪಾಟಿನ ಬಾಗಿಲು ತೆರೆದು, ಪೆಟ್ಟಿಗೆಯ ವೈರನ್ನು ಗೋಡೆಯಿಂದ ಎಳೆದರು. ಫ್ಯಾನುಗಳ ಕಿರುಚಾಟ ಇಳಿಯುತ್ತ ಇಳಿಯುತ್ತ ನಿಂತಿತು. ಮನೆಯೊಳಗೆ ಒಂದು ಜಾಗ ತೆರವಾದಂತಾಯಿತು.

“ಈಗ ಹೇಳಿ ಅಮ್ಮ,” ಎಂದರು.

“ನಿಂತ್ಹೋಯ್ತಾ ಅದು?” ಎಂದಳು ಅಕ್ಕ.

ಎರಡು ತಿಂಗಳ ನಂತರ ನಾನು ಅವಳ ದನಿ ಕೇಳಿದೆ. ಅದು ಹೋಗಿರಲಿಲ್ಲ, ಮೊದಲಿದ್ದಷ್ಟೇ ಇತ್ತು.

ಹೊಸ ಸ್ವಿಚ್ಚನ್ನು ಆರಿಸುವ ಕೆಲಸ ಒಂದು ವಾರ ನಡೆಯಿತು. ನಮ್ಮಿಬ್ಬರ ಜಗಳವೂ ಅಷ್ಟೇ ದಿನ.

“ಎಷ್ಟು ತಂತಿ ಸೇರ್ಬೇಕು ಇದಕ್ಕೆ?”

“ಸದ್ಯಕ್ಕೆ ಐದು. ಮುಂದೆ ಆರಾಗಬಹುದು.”

“ಆರಕ್ಕೆ ಇಪ್ಪತ್ನಾಲ್ಕು ಬಾಯಿ ಸಾಕಿದೀರಿ. ಉಣ್ಣದ ಬಾಯಿಗೂ ಇದು ಮೈ ಕಾಯಿಸ್ಕೋಬೇಕಲ್ಲ ಸಾರ್.”

“ನಾಳೆ ಬೇಕಾದ್ರೆ ಇರಲಿ ಅಂತ.”

“ನಾಳೆ ಬೇಕಾಗೋದಕ್ಕೆ ಇವತ್ತಿಂದ ಕಿರುಚಿಸ್ತೀರಾ?”

ಎಂಟೇ ಬಾಯಿಯ, ಫ್ಯಾನಿಲ್ಲದ, ಬೆನ್ನಿನ ಮೇಲೆ ಬಾಚಣಿಗೆಯ ಹಲ್ಲುಗಳಂತೆ ಲೋಹದ ಪದರಗಳಿದ್ದ ಗಟ್ಟಿ ಪೆಟ್ಟಿಗೆಯನ್ನು ಆರಿಸಿದರು. ಅದನ್ನು ಕಪಾಟಿನೊಳಗೆ ಮಲಗಿಸಲು ಬಿಡಲಿಲ್ಲ. ಹೊರಗೆ, ಬರಿಯ ಗೋಡೆಯ ಮೇಲೆ, ಪದರಗಳು ಮೇಲಕ್ಕೂ ಕೆಳಕ್ಕೂ ಸಾಗುವ ಹಾಗೆ ನಿಲ್ಲಿಸಿ ಬಿಗಿದರು. ಬಿಸಿಯಾದ ಗಾಳಿ ತಾನಾಗಿ ಮೇಲೇರುತ್ತದೆ, ಅದಕ್ಕೆ ಏಣಿ ಬೇಕು, ಅಷ್ಟೆ. ತಾಮ್ರದ ಕೇಬಲ್ಲಿನಲ್ಲಿ ಅಂಥ ವೇಗವನ್ನು ನೂಕಬೇಕಾದರೆ ಸ್ವಿಚ್ಚಿನ ಬಾಯಿಗೆ ತುರುಕುವ ಹೆಬ್ಬೆರಳು ಗಾತ್ರದ ಲೋಹದ ತುಂಡು ಮುಟ್ಟಲಾಗದಷ್ಟು ಕಾಯುತ್ತದೆ. ಅದೇ ವೇಗವನ್ನು ಗಾಜಿನೆಳೆಯೊಳಗೆ ಬೆಳಕಾಗಿ ಕಳಿಸಿದರೆ ಆ ತುಂಡು ಉಗುರುಬೆಚ್ಚಗಿರುತ್ತದೆ. ಹೆಂಡತಿಯ ಕೋಣೆಗೆ ಗಾಜಿನೆಳೆಯನ್ನೇ ಎಳೆದರು. ತಾಮ್ರ ಅನಿವಾರ್ಯವಾದ ಎರಡು ಕಡೆ, ಎರಡರ ನಡುವೆ ಒಂದು ಬಾಯಿಯನ್ನು ಖಾಲಿ ಬಿಟ್ಟು, ಅದರ ಮೇಲೆ ಕರಿಯ ಟೇಪು ಅಂಟಿಸಿ, “ಇದನ್ನ ಯಾವತ್ತೂ ತುಂಬಬೇಡಿ. ಇದು ಅವೆರಡರ ನಡುವಿನ ಅಂಗಳ,” ಎಂದರು.

ಅವರು ಒಲ್ಲೆನೆಂದ ಮನೆಗಳೂ ಇದ್ದವು. ಸಿರಿವಂತರೊಬ್ಬರು ತಮ್ಮ ಹಜಾರದಲ್ಲಿ ಸ್ವಿಚ್ಚಿನ ಹಸಿರು ದೀಪಗಳು ಮಿನುಗುವುದು ಬಂದವರಿಗೆಲ್ಲ ಕಾಣಲೆಂದು ಗಾಜಿನ ಪೆಟ್ಟಿಗೆ ಮಾಡಿಸಿದ್ದರಂತೆ. ಮೇಸ್ತ್ರಿ ಅದನ್ನು ಸುತ್ತು ಹಾಕಿ ನೋಡಿ, “ಇದರಲ್ಲಿ ಮೀನು ಬದುಕುತ್ತೆ, ಇದು ಬದುಕಲ್ಲ,” ಎಂದು ಚಪ್ಪಲಿ ಮೆಟ್ಟಿದರಂತೆ.

ನನ್ನ ಸಂಶಯ ಮಾತ್ರ ಅವರ ಕೈಯ ಮೇಲೆಯೇ ನೆಟ್ಟಿತ್ತು. ನನ್ನಲ್ಲಿ ದೂರದಿಂದಲೇ ಬಿಸಿ ಅಳೆಯುವ ಥರ್ಮಾಮೀಟರೊಂದಿದೆ. ಗುರಿಯಿಟ್ಟು ಗುಂಡಿ ಒತ್ತಿದರೆ ಅಂಕಿ ಮೂಡುತ್ತದೆ. ಮೊದಲ ದಿನವೇ ಅವರು ಮೂವತ್ತು ಎಣಿಸಿ ಕಣ್ಣು ತೆರೆಯುವುದನ್ನೇ ಕಾದು, “ಎಷ್ಟಿದೆ ಮೇಸ್ತ್ರಿ?” ಎಂದೆ. ಕ್ಷಣ ಹೊತ್ತು ನನ್ನ ಮುಖ ನೋಡಿ, “ಐವತ್ತಿರಬಹುದು,” ಎಂದರು. ನನ್ನ ಯಂತ್ರ ಮೂವತ್ತೆಂಟು ತೋರಿಸಿತು. ನಾನು ಹಿಗ್ಗುವಷ್ಟರಲ್ಲಿ ಅವರು ಜೇಬಿನಿಂದ ಕರಿಯ ಟೇಪು ತೆಗೆದು ಪೆಟ್ಟಿಗೆಯ ಮೇಲೆ ಒಂದು ತುಂಡು ಅಂಟಿಸಿ, “ಹೊಳೆಯೋ ತಗಡಿನ ಮುಂದೆ ನಿಮ್ಮದು ಸುಳ್ಳು ಹೇಳುತ್ತೆ. ಈಗ ನೋಡಿ,” ಎಂದರು. ಐವತ್ತೇಳು. ಹೊಳೆಯುವ ಲೋಹ ತನ್ನ ಬಿಸಿಯನ್ನು ಸರಿಯಾಗಿ ಹೊರಸೂಸದು ಎಂಬ ನಿಯಮವನ್ನು ನಾನು ಓದಿದ್ದೆ, ಅವರು ಬಳಸಿದ್ದರು.

ಆದರೂ ಐವತ್ತು ಐವತ್ತೇಳಲ್ಲ. ಮುಂದೆ ಅವರು ಬಂದಾಗಲೆಲ್ಲ, ಬೇರೆ ಬೇರೆ ಪೆಟ್ಟಿಗೆಗಳ ಮೇಲೆ, ಅವರ ಊಹೆಯನ್ನೂ ಟೇಪಿನ ಮೇಲಿನ ಅಂಕಿಯನ್ನೂ ಅಕ್ಕಪಕ್ಕದಲ್ಲಿ ಬರೆದಿಟ್ಟೆ. ಒಟ್ಟು ಏಳು ಸಲ. ಹನ್ನೊಂದು ಡಿಗ್ರಿಯವರೆಗೂ ತಪ್ಪಿದ್ದಿತ್ತು. ಏಳನೆಯ ಸಾಲಿನ ಕೆಳಗೆ ಗೆರೆಯೆಳೆದು, ‘ಮನುಷ್ಯನ ಕೈ ವಿಶ್ವಾಸಾರ್ಹ ಉಷ್ಣಮಾಪಕವಲ್ಲ, ಮೂವತ್ತರ ಎಣಿಕೆಗೆ ಆಧಾರವಿಲ್ಲ’ ಎಂದು ತೀರ್ಪು ಬರೆದೆ. ಅವರಿಗೆ ತೋರಿಸಲಿಲ್ಲ; ಅಷ್ಟು ಮರ್ಯಾದೆ ನನ್ನಲ್ಲಿತ್ತು. ಹೆಂಡತಿಗೆ ತೋರಿಸಿದೆ. “ಪಾಪ, ಅವರ ಪಾಡಿಗೆ ಅವರು ಮುಟ್ಟಿಕೊಳ್ಳಲಿ ಬಿಡಿ. ನಿಮ್ಮ ಗಂಟೇನು ಹೋಗುತ್ತೆ?” ಎಂದಳು.

ಫ್ಯಾನಿಲ್ಲದ ಪೆಟ್ಟಿಗೆ ಗೋಡೆಯೇರಿದ ಮರುದಿನ ಮಧ್ಯಾಹ್ನ ಮೂವರೂ ಊಟಕ್ಕೆ ಕುಳಿತಿದ್ದೆವು. ಯಾರೂ ಮಾತಾಡುತ್ತಿರಲಿಲ್ಲ, ಮಾತಿಲ್ಲದೆ ಉಣ್ಣುವುದು ನಮಗೆ ಆಗಲೇ ರೂಢಿಯಾಗಿಹೋಗಿತ್ತು.

“ಉಪ್ಪು ಕಡಿಮೆ,” ಎಂದಳು ಅಕ್ಕ.

ನನ್ನ ಹೆಂಡತಿ ಉಪ್ಪಿನ ಡಬ್ಬಿ ತರಲು ಎದ್ದವಳು ಅಡುಗೆಮನೆಯಲ್ಲೇ ಸ್ವಲ್ಪ ಹೊತ್ತು ನಿಂತುಬಿಟ್ಟಳು. ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ಅಕ್ಕ ಅವಳನ್ನೂ ನನ್ನನ್ನೂ ನೋಡಿ, “ಉಪ್ಪಿಗೆ ಅಳೋರನ್ನ ಇವತ್ತೇ ನೋಡಿದ್ದು,” ಎಂದಳು. ಆ ವಾಕ್ಯವೂ ಸ್ಪಷ್ಟವಾಗಿ ಕೇಳಿಸಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಮೇಸ್ತ್ರಿಯನ್ನು ಜಾಣನೆಂದು ಹೊಗಳಿ ಸುಮ್ಮನಾಗಬಹುದಿತ್ತು. ಬೇಸಗೆ ಬಂತು. ಹೆಂಡತಿ ಒಂದು ದೊಡ್ಡ ಚಿತ್ರವನ್ನು ಒಪ್ಪಿಸಬೇಕಾದ ದಿನ, ಬಿಸಿಲು ಗೋಡೆಗಳನ್ನೆಲ್ಲ ಕಾಯಿಸಿದ ಹೊತ್ತಿನಲ್ಲಿ, ಗೋಡೆಯ ಮೇಲಿನ ಪೆಟ್ಟಿಗೆ ಮೂರು ಸಲ ಕೈಕೊಟ್ಟಿತು. ಅರ್ಧ ಹರಿದ ಹೊಳೆ ಮೂರು ಸಲವೂ ಬತ್ತಿಹೋಯಿತು. ಬರೆದು ಕಳಿಸಿದ ಒಂದು ಗಂಟೆಯೊಳಗೆ ಮೇಸ್ತ್ರಿ ಕೋಟು ಹಾಕಿಕೊಂಡು ಬಂದರು. ಹೆಂಡತಿ ಬಾಗಿಲಲ್ಲೇ ಹಿಡಿದಳು.

“ನಿಮ್ಮ ಮೌನವ್ರತಕ್ಕೆ ನನ್ನ ಕೆಲಸ ಬಲಿ ಕೊಡ್ಬೇಕಾ ನಾನು? ಅತ್ತಿಗೆ ಮಾತಾಡ್ಬೇಕು, ನಿಜ. ನಾನೂ ಬದುಕ್ಬೇಕಲ್ಲ?”

ಅವರು ಅವಳ ಮುಖದಿಂದ ಕಣ್ಣು ಕೀಳದೆ ಎಲ್ಲವನ್ನೂ ಬೈಸಿಕೊಂಡರು. “ತಪ್ಪು ನಂದು,” ಎಂದರು. “ಚಳಿಗಾಲದ ಲೆಕ್ಕದಲ್ಲಿ ಬೇಸಗೆಗೆ ಪೆಟ್ಟಿಗೆ ಆರಿಸಿದೆ. ಇಪ್ಪತ್ತೆರಡು ವರ್ಷ ತಣ್ಣಗಿರೋ ಜಾಗದಲ್ಲೇ ಇದ್ದವನು, ಹೊರಗೆ ಬಿಸಿಲಿರುತ್ತೆ ಅನ್ನೋದು ಮರೆತುಹೋಗುತ್ತೆ.”

ಅಷ್ಟರಲ್ಲಿ ಅಕ್ಕ ಬಂದು ನನ್ನ ಕೈಗೊಂದು ಚೀಟಿಯಿಟ್ಟಳು. ಎಷ್ಟೋ ದಿನಗಳ ಮೇಲೆ ಮತ್ತೆ ಚೀಟಿ. ‘ಹಳೆಯದನ್ನೇ ಇಡಿ. ನನಗೆ ಬರೆದು ಅಭ್ಯಾಸವಾಗಿದೆ.’ ನಾನು ಓದಿ ತಲೆ ತಗ್ಗಿಸಿದೆ. ಹೆಂಡತಿ ಓದಿ ಕುಳಿತುಬಿಟ್ಟಳು. ಮೇಸ್ತ್ರಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಓದಿ, ನಾಲ್ಕು ಮಡಿಕೆ ಮಾಡಿ, ತೆಳುಕಾಗದದ ಪಟ್ಟಿಗಳಿದ್ದ ಜೇಬಿಗಿಳಿಸಿದರು.

“ಇಬ್ಬರಲ್ಲಿ ಒಬ್ಬರಿಗೆ ಆಗೋ ಪೆಟ್ಟಿಗೆ ನಾನು ಇಡಲ್ಲ ಟೀಚರಮ್ಮ. ಸಂಜೆವರೆಗೂ ಟೈಮು ಕೊಡಿ,” ಎಂದರು.

ಅಂಗೈ ಚಾಚಿದರೆ ಎಷ್ಟಗಲವೋ ಅಷ್ಟಗಲದ ಒಂದು ಫ್ಯಾನನ್ನು ಪೆಟ್ಟಿಗೆಯ ಕೆಳಗೆ, ಮರದ ಹಲಗೆಯ ಮೇಲೆ, ನಾಲ್ಕು ರಬ್ಬರಿನ ಗುಬಟುಗಳ ಮೇಲೆ ಕೂರಿಸಿದರು. ದೊಡ್ಡ ಫ್ಯಾನು ಸಾವಕಾಶ ತಿರುಗಿದರೂ ಚಿಕ್ಕದು ಕಿರುಚಿ ತಳ್ಳುವಷ್ಟೇ ಗಾಳಿಯನ್ನು ತಳ್ಳಬಲ್ಲದು. ಅದಕ್ಕೆ ಹರಿಯುವ ವಿದ್ಯುತ್ತನ್ನು ಏರಿಸಿ ಇಳಿಸಲು ಒಂದು ಪುಟ್ಟ ತಿರುಗಣೆ. ಬಳಿಕ ಅಕ್ಕನನ್ನು ಅವಳ ಕೋಣೆಯಲ್ಲಿ, ಬಾಗಿಲು ತೆರೆದಿಟ್ಟು, ಕುರ್ಚಿಯಲ್ಲಿ ಕೂರಿಸಿ, “ಸದ್ದು ಕೇಳಿಸ್ತಿದ್ರೆ ಬೆರಳು ಎತ್ತಿ, ಇಲ್ಲದಿದ್ರೆ ಮಡಚಿ,” ಎಂದರು. ಹೆಂಡತಿ ತನ್ನ ಕೋಣೆಯಲ್ಲಿ ಚಿತ್ರವನ್ನು ಹರಿಯಬಿಟ್ಟಳು. ನಾನು ಥರ್ಮಾಮೀಟರು ಹಿಡಿದು ಅಂಕಿ ಕೂಗುವವನಾದೆ; ಕೂಗಿದ್ದು ಸಾಲದೆಂದು ಬೆರಳಲ್ಲೂ ತೋರಿಸಲು ಹೇಳಿದರು. ಅವರು ಫ್ಯಾನಿನ ಕಡೆ ನೋಡಲೇ ಇಲ್ಲ. ಅಕ್ಕನ ಬೆರಳನ್ನೇ ನೋಡುತ್ತ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಣೆಯನ್ನು ಇಳಿಸಿದರು. ಒಂದು ಜಾಗದಲ್ಲಿ ಬೆರಳು ಮಡಚಿತು. ಅಲ್ಲಿ ಐವತ್ತೆರಡು ಡಿಗ್ರಿ. ಹೊಳೆ ನಿಲ್ಲಲಿಲ್ಲ. ತಿರುಗಣೆಗೆ ಕರಿಯ ಟೇಪು ಸುತ್ತಿ, ಇನ್ನು ಮುಟ್ಟಕೂಡದೆಂದರು.

ಅದಾದ ಮೇಲೆ ಕೈಯ ಹಿಂಬದಿಯನ್ನು ಪೆಟ್ಟಿಗೆಗೆ ತಾಗಿಸಿದರು, ಹಲಗೆಗೆ ತಾಗಿಸಿದರು. ಆಮೇಲೆ ಗೋಡೆಗೆ. ಆಮೇಲೆ ಅಕ್ಕನ ಕೋಣೆಯ ಬಾಗಿಲಿಗೆ. ಪ್ರತಿಯೊಂದಕ್ಕೂ ಮೂವತ್ತು ಎಣಿಕೆ. ನನಗೆ ತಡೆಯಲಾಗಲಿಲ್ಲ.

“ಬಾಗಿಲಿಗೂ ಜ್ವರ ಬರುತ್ತಾ ಮೇಸ್ತ್ರಿ?”

“ಬರುತ್ತೆ ಸಾರ್,” ಎಂದರು, ನಗದೆ. “ಬಂದಿರೋದು ಮನೆಯವರಿಗೆ ಗೊತ್ತಾಗಲ್ಲ.”

ನಾನು ನಕ್ಕೆ. ಕಸುಬುದಾರರ ಮೂಢನಂಬಿಕೆಗಳ ಬಗ್ಗೆ ಒಂದು ಪ್ರಬಂಧ ಬರೆಯಬೇಕೆಂದು ಆ ದಿನವೇ ಯೋಚಿಸಿದ್ದೆ.

ಆಮೇಲೆ ಅವರು ಕರೆಯದೆಯೂ ಬರತೊಡಗಿದರು. ಋತು ತಿರುಗಿದಾಗೊಮ್ಮೆ, ಫ್ಯಾನಿನ ಧೂಳು ಒರೆಸುವ ನೆಪ. ಕೆಲಸ ಐದು ನಿಮಿಷದ್ದು. ನಂತರ ಅಕ್ಕನ ಕೋಣೆಯ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು, ಅವಳ ಎದುರಿಗೆ ಕುಳಿತು, ಗಂಟೆಗಟ್ಟಲೆ ಮಾತು. ನಾನು ಪಕ್ಕದ ಕೋಣೆಯಲ್ಲಿ ಓದುತ್ತಿರುತ್ತಿದ್ದೆ. ನನಗೆ ಕೇಳಿಸುತ್ತಿದ್ದುದು ಅವರ ಅರ್ಧ ಮಾತ್ರ. “ಅದು ಹೆಂಗೆ ಟೀಚರಮ್ಮ, ಸೊನ್ನೆಯಿಂದ ಭಾಗಿಸಬಾರದು ಅಂದ್ರೆ?” ಒಂದು ದೀರ್ಘ ನಿಶ್ಶಬ್ದ. “ಓಹೋ. ಹಂಗಾದ್ರೆ ಸೊನ್ನೆ ಜನಕ್ಕೆ ರೊಟ್ಟಿ ಹಂಚೋಕೆ ಹೋದಂಗೆ.” ಮತ್ತೆ ನಿಶ್ಶಬ್ದ. ಒಮ್ಮೆಲೇ ಅವರ ಗಟ್ಟಿ ನಗೆ. ನಾಲ್ಕು ಮಾರು ದೂರದಲ್ಲಿ ಕುಳಿತ ನನಗೇ ಕೇಳಿಸದ ದನಿಯನ್ನು ಹೀಗೆ ಅಕ್ಷರ ಬಿಡದೆ ಹಿಡಿಯುವ ಆ ಕಿವಿಗಳ ಬಗ್ಗೆ ನನಗೆ ಅಸೂಯೆಯಾಗುತ್ತಿತ್ತು. ಕೈ ಉಷ್ಣಮಾಪಕವಲ್ಲ, ಸರಿ. ಆದರೆ ಇಂಥ ಶ್ರವಣಶಕ್ತಿಯನ್ನು ಅಳೆಯುವ ಅವಕಾಶ ಸಿಕ್ಕಿದ್ದರೆ ಎಂದು ಆಸೆಪಡುತ್ತಿದ್ದೆ. ಅವರು ಹೋದ ಸಂಜೆಗಳಲ್ಲಿ ಅಕ್ಕ ದಣಿದಿರುತ್ತಿರಲಿಲ್ಲ, ಅದೂ ಆಶ್ಚರ್ಯ. ನಮ್ಮೊಡನೆ ಕಾಲು ಗಂಟೆ ಮಾತಾಡಿದರೆ ಕತ್ತು ಹಿಡಿದುಕೊಳ್ಳುವವಳು, ಅವರೊಡನೆ ಎರಡು ಗಂಟೆ ಕಳೆದ ಮೇಲೂ ಊಟಕ್ಕೆ ಕುಳಿತು ನನ್ನನ್ನು ಚುಡಾಯಿಸಲು ದನಿ ಉಳಿಸಿಕೊಂಡಿರುತ್ತಿದ್ದಳು.

ಎರಡು ವರ್ಷ ಹೀಗೆ ನಡೆಯಿತು. ಮೂರನೆಯ ಬೇಸಗೆಗೆ ಅವರು ಬರಲಿಲ್ಲ. ನಾನು ಬರೆದು ಕಳಿಸಿದ್ದಕ್ಕೆ ಹತ್ತು ದಿನಗಳ ಮೇಲೆ ಅವರ ಹೆಂಡತಿಯಿಂದ ಉತ್ತರ ಬಂತು. ಎದೆಯ ಕಾಯಿಲೆ, ಎಂಟು ದಿನದ ಆಸ್ಪತ್ರೆ, ಎಲ್ಲ ಮುಗಿದು ಆಗಲೇ ತಿಂಗಳು ಕಳೆದಿತ್ತು.

ನಾನೂ ಹೆಂಡತಿಯೂ ಅವರ ಮನೆಗೆ ಹೋದೆವು. ಚಿಕ್ಕ ಮನೆ, ಎರಡನೆಯ ಮಹಡಿ. ಬೂದುಬಣ್ಣದ ಕೋಟು ಬಾಗಿಲ ಹಿಂದಿನ ಗೂಟದಲ್ಲಿ ತೂಗುತ್ತಿತ್ತು. ಅವರ ಹೆಂಡತಿ ಬಾಗಿಲು ತೆರೆದು, ಮೊದಲು ದೀಪ ಹಾಕಿ, ನಮ್ಮ ಎದುರಿಗೆ ನೇರವಾಗಿ ಕುಳಿತು, ಪ್ರತಿ ಮಾತನ್ನೂ ತುಟಿಗಳಲ್ಲಿ ಚೆನ್ನಾಗಿ ಕಡೆದು ಆಡುತ್ತಿದ್ದರು. ದನಿ ಮಾತ್ರ ಬಹಳ ಮೆಲ್ಲಗೆ. ಮುಂದಕ್ಕೆ ಬಾಗಿ ಕೇಳಬೇಕಾಯಿತು.

ಏನಾದರೂ ಒಳ್ಳೆಯ ಮಾತು ಹೇಳಬೇಕಿತ್ತು. “ನಮ್ಮಕ್ಕನ ದನಿ ಒಡಹುಟ್ಟಿದ ನನಗೇ ಕೇಳಿಸದು. ಅವರಿಗೆ ಕೇಳಿಸ್ತಿತ್ತು. ಅಂಥ ಕಿವಿ ನಾನು ನೋಡಿಲ್ಲ,” ಎಂದೆ.



“ಕಿವಿನಾ?” ಎಂದರು ಆಕೆ. “ಅವರಿಗಾ?”

ಕಂಪ್ರೆಸರುಗಳ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ. ಮೊದಲು ಹಕ್ಕಿಯ ದನಿ ಹೋಯಿತಂತೆ, ಆಮೇಲೆ ಕುಕ್ಕರಿನ ಶಿಳ್ಳೆ. ಬಳಿಕ ಹೆಂಡತಿಯ ಮಾತು. “ನಾನು ಚಿಕ್ಕಂದಿನಿಂದ ಮೆಲ್ಲಗೆ ಮಾತಾಡೋಳು. ಗಟ್ಟಿ ದನಿಯೋರೆಲ್ಲ ಅವರಿಗೆ ಇನ್ನೂ ಕೇಳಿಸ್ತಿದ್ರು, ನಾನು ಮಾತ್ರ ಕೇಳಿಸೋದು ನಿಂತ್ಹೋದೆ. ಆಮೇಲೆ ಅವರೆಲ್ಲರ ದನಿಯೂ ಹೋಯ್ತು. ಹದಿನಾಲ್ಕು ವರ್ಷದಿಂದ ಪೂರ್ತಿ ಕಿವುಡು ನಮ್ಮ ಯಜಮಾನ್ರು. ಯಾರಿಗೂ ಹೇಳ್ಬೇಡ ಅಂತಿದ್ರು. ಕಿವಿ ಕೇಳದೋನನ್ನ ಸದ್ದು ತೆಗೆಯೋಕೆ ಯಾರು ಕರೀತಾರೆ ಅಂತ.”

“ಮತ್ತೆ ಆ ಕೈ?” ಎಂದು ಕೇಳಿದವಳು ನನ್ನ ಹೆಂಡತಿ.

“ಅದರಲ್ಲೇ ಕೇಳೋದು. ಯಂತ್ರ ನಡುಗಿದ್ರೆ ಕೈಗೆ ಗೊತ್ತಾಗುತ್ತಂತೆ, ಗೋಡೆಗೆ ಇಳಿದಿದ್ರೂ ಗೊತ್ತಾಗುತ್ತಂತೆ, ಸ್ವಲ್ಪ ಹೊತ್ತು ಇಟ್ರೆ.” ಆಕೆ ತಮ್ಮ ಕೊರಳ ಕೆಳಗೆ, ಎದೆಯ ಮೇಲಿನ ಎಲುಬಿನ ಹತ್ತಿರ ಬೆರಳಿಟ್ಟರು. “ನಾನು ಮಾತಾಡುವಾಗ ಒಂದೊಂದ್ಸಲ ಇಲ್ಲಿ ಇಡೋರು.”

ಏಳು ಸಾಲುಗಳ ನನ್ನ ಪಟ್ಟಿ ಮನೆಯಲ್ಲಿ ಪುಸ್ತಕಗಳ ನಡುವೆ ಇನ್ನೂ ಇತ್ತು. ಏಳು ಸಲವೂ ನಾನು ಅಳೆದದ್ದು ಬಿಸಿಯನ್ನು. ಅವರು ಆಲಿಸುತ್ತಿದ್ದುದು ನಡುಕವನ್ನು. ನಾನು ಕೇಳಿದೆನೆಂಬ ಸೌಜನ್ಯಕ್ಕೆ ಒಂದು ಅಂಕಿ ಹೇಳಿ, ತಪ್ಪಾಗಿ, ಸುಮ್ಮನಾಗುತ್ತಿದ್ದರು. ಮೂವತ್ತರ ಎಣಿಕೆಗೆ ಆಧಾರವಿಲ್ಲವೆಂದು ತೀರ್ಪು ಬರೆಯುವ ಮುನ್ನ, ಆ ಎಣಿಕೆ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆಯೆಂದು ವಿಚಾರಿಸುವುದು ಪರೀಕ್ಷಕನ ಮೊದಲ ಕರ್ತವ್ಯ. ನನ್ನ ಯಂತ್ರ ಕೆಟ್ಟಿರಲಿಲ್ಲ. ಅದನ್ನು ಹಿಡಿದವನು ತಾನು ಏನನ್ನು ಅಳೆಯುತ್ತಿದ್ದೇನೆಂಬುದನ್ನೇ ತಿಳಿಯದವನಾಗಿದ್ದ.

ಲೋಕದಲ್ಲಿ ಈ ಜಾತಿಯ ಮನುಷ್ಯರು ವಿರಳವಾದರೂ ಇದ್ದಾರೆ. ತಮಗೆ ಇಲ್ಲದ್ದನ್ನು ಇನ್ನೊಬ್ಬರ ಮನೆಯಲ್ಲಿ ಇರುವಂತೆ ನೋಡಿಕೊಳ್ಳುವುದನ್ನೇ ಕಸುಬಾಗಿಸಿಕೊಂಡವರು. ಅವರನ್ನು ತ್ಯಾಗಿಗಳೆಂದು ಕರೆದರೆ ಅವರೇ ನಕ್ಕಾರು. ಅವರ ಪಾಲಿಗೆ ಅದು ಕೆಲಸ, ಸರಿಯಾಗಿ ಮಾಡಬೇಕಾದ್ದು, ಅಷ್ಟೆ. ಕೊರತೆ ಅವರಿಗೆ ಎಲ್ಲಿ ನೋಡಬೇಕೆಂಬುದನ್ನು ಕಲಿಸಿರುತ್ತದೆ: ಬಾಗಿಲಲ್ಲಿ ನಿಂತು ಯಾರ ತುಟಿ ಅಲುಗುತ್ತಿದೆ, ಯಾರ ಬೆರಳು ಮಡಚುತ್ತಿದೆ. ಎಲ್ಲವೂ ಇರುವ ನಮಗೆ ಆ ಕಡೆ ತಿರುಗಬೇಕೆಂದೇ ತೋರುವುದಿಲ್ಲ.

ಮನೆಗೆ ಬಂದು ಅಕ್ಕನ ಕೋಣೆಯಲ್ಲಿ, ಮೇಸ್ತ್ರಿ ಕುಳಿತಿರುತ್ತಿದ್ದ ಸ್ಟೂಲಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಹೊರಗೆ ಗೋಡೆಯ ಮೇಲೆ ಫ್ಯಾನು ತಿರುಗುತ್ತಿತ್ತೆಂದು ನಂಬಬೇಕು, ಕೇಳಿಸುತ್ತಿರಲಿಲ್ಲ. ಅಕ್ಕ ಅಳಲಿಲ್ಲ. “ನನಗೆ ಗೊತ್ತಿತ್ತು,” ಎಂದಳು.

“ಯಾವಾಗಿಂದ?”

“ಮೊದಲನೇ ದಿನದಿಂದ. ‘ನಾನು’ ಅಂದೆನಲ್ಲ, ಈ ಬಾಗಿಲಲ್ಲಿ ನಿಂತ್ಕೊಂಡು?” ಒಂದು ಉಸಿರು ತೆಗೆದುಕೊಂಡಳು. “ಆಗ ನಾನು ದನಿ ತೆಗೆದೇ ಇರ್ಲಿಲ್ಲ ಕಣೋ. ಬರೀ ತುಟಿ ಆಡಿಸಿದ್ದೆ. ಆಮೇಲೆ ಹರಟೋಕೆ ಕೂತಾಗ್ಲೂ ಅಷ್ಟೇ. ಎರಡು ವರ್ಷ ಅವರ ಹತ್ರ ನಾನು ಒಂದು ಮಾತಿಗೂ ದನಿ ಖರ್ಚು ಮಾಡಿಲ್ಲ.”